ಅಮೆರಿಕದ ಮೇಷ್ಟ್ರು, ಗೌಡರ ಕೋತಿಗಳು

ಇದು ನಡೆದದ್ದು 1978ರ ಜನವರಿಯಲ್ಲಿ. ಬಿ.ಎಸ್ಸಿ. ಮುಗಿಸಿ ಪಂಚನಹಳ್ಳಿ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರಾಗಿದ್ದೆ. ಒಂದು ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷರಾದ ಗೌಡರು ನೇರ ತರಗತಿಗೇ ಬಂದರು. ನನ್ನ ಕೆಲಸ ಕಾಯಂ ಆಗುವುದು ಅವರ ಕೈಯಲ್ಲಿತ್ತು.

"ಮಂಗನೂ ಮನುಷ್ಯನೂ ಒಂದೇ ವಂಶ ಅಂತ ಪಾಠ ಮಾಡಿದ್ರಂತೆ?"

"ಪುಸ್ತಕದಲ್ಲಿ ಹಾಗೇ ಇದೆ," ಎಂದೆ. ಎರಡು ಮಹಾಯುದ್ಧಗಳ ನಡುವೆ, ಮನೆಮನೆಗೆ ಕಾರು, ರೇಡಿಯೋ ಬರುತ್ತಿದ್ದ ಕಾಲದಲ್ಲೇ, ಅಮೆರಿಕದಲ್ಲಿ ಇದೇ ಪಾಠ ಹೇಳಿದ ಮೇಷ್ಟ್ರೊಬ್ಬನನ್ನು ಕೋರ್ಟಿಗೆ ಎಳೆದಿದ್ದರು. ಅದನ್ನು ಹೇಳಿ, "ದೇವರಿಗೆ ವಿರುದ್ಧ ಅಂತ ದಂಡ ಹಾಕಿದರು. ನೀವೂ ಹಾಗೇ ಮಾಡ್ತೀರಾ?" ಎಂದುಬಿಟ್ಟೆ.

ಗೌಡರ ಮುಖ ಕೆಂಪಾಯಿತು. "ದೇವ್ರ ವಿಷ್ಯ ಯಾರ್ರೀ ತೆಗೆದ್ರು? ಆಂಜನೇಯ ನಮ್ಮನೆ ದೇವ್ರು ಕಣ್ರೀ, ನೆಂಟಸ್ತನ ಆದ್ರೆ ಒಳ್ಳೇದೇ. ಆದ್ರೆ ನನ್ನ ಮಗಳು ತೋಟಕ್ಕೆ ಬಂದ ಕೋತಿ ಓಡ್ಸಲ್ಲ ಅಂತಾಳೆ. ನೆಂಟ್ರಂತೆ! ಎಳನೀರೆಲ್ಲ ಹೋಯ್ತು. ನಿಮ್ಮ ಅಮೆರಿಕದ ಮೇಷ್ಟ್ರ ಊರಲ್ಲಿ ತೆಂಗಿನ ತೋಟ ಇತ್ತಾ?"

ಗೊತ್ತಿಲ್ಲ ಎಂದೆ.

"ಕೆಲ್ಸ ಬೇಕೋ ಬೇಡ್ವೋ? ಪಾಠ ಹೇಳ್ಕೊಳ್ಳಿ. ಭಾನುವಾರ ಬಂದು ಕೋತಿ ನೀವೇ ಓಡ್ಸಿ."

ಆ ಭಾನುವಾರ ನಾನು ಓಡಿಸಿದ ನೆಂಟರು ಹದಿನಾಲ್ಕು.