ಅಕ್ಕನಿಗೊಂದು ಜೊತೆ ಬೂಟು

ಪಾಲಿಶ್ ಅಂದರೆ ರೈಲು ನಿಲ್ದಾಣದ ಸುತ್ತಮುತ್ತ ಗೊತ್ತಿಲ್ಲದವರಿಲ್ಲ. ಹತ್ತನೇ ವಯಸ್ಸಿಗೆ ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಕಂಡವರ ಬೂಟು ಉಜ್ಜಲು ಬಂದು ಆ ಅಡ್ಡಹೆಸರು ಪಡೆದವನು, ನಲವತ್ತಕ್ಕೆ ಅದೇ ಬೀದಿಯಲ್ಲಿ ಗಾಜಿನ ಬಾಗಿಲಿನ ಬೂಟಿನಂಗಡಿ ತೆರೆಯಲು ಹೊರಟ. ಎಲ್ಲಾ ಅದೃಷ್ಟ ಅಂದುಬಿಟ್ಟರು ಜನ. ಅದೃಷ್ಟ ಅಂತೆ, ಅದೃಷ್ಟ! ಆ ಅದೃಷ್ಟ ದಿನಕ್ಕೆ ಹನ್ನೆರಡು ಗಂಟೆ ನಿಂತು ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿತ್ತು. ಅವಳು ಪಾಲಿಶನ ಅಕ್ಕ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಾಕಿ, ಕಿವಿ ಹಿಂಡಿ ಸಂಜೆ ಶಾಲೆಗೆ ಅಟ್ಟಿ, ಬೂಟು ಹೊಲಿಯುವ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಸೇರಿಸಿದವಳು.

ತಾನು ಹೊಲಿದ ಬೂಟು ಹಾಕಿಕೊಂಡು ಅಕ್ಕನೇ ಅಂಗಡಿಯೊಳಗೆ ಮೊದಲು ಕಾಲಿಡಬೇಕು. ಪಾಲಿಶನಿಗೆ ಹುಡುಗನಾಗಿದ್ದಾಗಿನಿಂದ ಇದ್ದದ್ದು ಅದೊಂದೇ ಆಸೆ.

"ದೊಡ್ಡ ಮನುಷ್ಯರು ಬರೋ ಕಡೆ ನಾನ್ಯಾಕೋ?" ಅಂದಳು ಅಕ್ಕ.

"ನೀನು ಬರದಿದ್ರೆ ಬೀಗಾನೇ ತೆಗೆಯಲ್ಲ."

ಅಳತೆ ಕೊಡು ಅಂದರೆ ಕಾಲು ಮುಚ್ಚಿಕೊಂಡಳು. ಇವನೇನು ಕಡಿಮೆಯೇ? ಬಾಗಿಲಲ್ಲಿದ್ದ ಅವಳ ಬಲಗಾಲಿನ ಚಪ್ಪಲಿಯನ್ನೇ ಕದ್ದೊಯ್ದ. ಒಂದು ಕಾಲಿನ ಅಳತೆ ಸಿಕ್ಕರೆ ಎರಡಕ್ಕೂ ಚರ್ಮ ಕತ್ತರಿಸುವುದು ಅವನ ಮೇಸ್ತ್ರಿ ಕಲಿಸಿದ ಪದ್ಧತಿ.

ಅಂಗಡಿ ತೆರೆಯುವ ದಿನ ತಮ್ಮ ಹೊಲಿದ ಬೂಟು ಹಾಕಿಕೊಂಡು ಅಕ್ಕ ಬಂದಳು. ಬೀದಿಯ ತುದಿಯಿಂದ ನಡೆದೇ ಬಂದಳು, ನಗುತ್ತಾ. ಜನ ಚಪ್ಪಾಳೆ ತಟ್ಟಿದರು. ಪಾಲಿಶನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಹೇಗಿದೆ ಅಕ್ಕ?"

"ಹೂವಿನ ಹಾಗಿದೆ ಕಣೋ."

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ, "ಬನ್ನಿ ಮೇಡಂ, ಸೈಜ್ ನೋಡೋಣ" ಅಂತ ತಮಾಷೆ ಮಾಡುತ್ತಾ ಅವಳ ಮುಂದೆ ಕೂತು ಎಡಗಾಲಿನ ಬೂಟು ಎಳೆದ. ಕಾಲುಚೀಲ ರಕ್ತದಲ್ಲಿ ನೆನೆದಿತ್ತು. ಇಸ್ತ್ರಿ ಮೇಜಿನ ಮುಂದೆ ಮೂವತ್ತು ವರ್ಷ ಮೈಭಾರವೆಲ್ಲ ಹೊತ್ತ ಆ ಪಾದ ಊದಿ, ಹರಡಿ, ಬಲಗಾಲಿಗಿಂತ ಒಂದು ಬೆರಳು ಅಗಲವಾಗಿತ್ತು.

"ಹೇಳಬಾರದಿತ್ತಾ?"

"ಹೇಳಿದ್ರೆ ಬಿಚ್ಚು ಅಂತಿದ್ದೆ. ಇವತ್ತು ನಿನ್ನ ದಿನ ಅಲ್ವಾ?"

"ಊರವರ ಕಾಲೆಲ್ಲ ನೋಡಿದೆ. ನಿನ್ನ ಕಾಲು ನೋಡಲಿಲ್ಲ ಅಕ್ಕ" ಅಂದ ಪಾಲಿಶ್. ಅಷ್ಟು ದೊಡ್ಡ ಯಜಮಾನ, ಹೊಸ ಅಂಗಡಿಯ ನಡುವೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ.

ಆಮೇಲೆ ಮೂಗೊರೆಸಿಕೊಂಡು ನೆಲಕ್ಕೆ ಕಾಗದ ಹಾಸಿ, ಎರಡೂ ಪಾದ ಇಡಿಸಿ, ಸುತ್ತ ಪೆನ್ಸಿಲ್ ಎಳೆದ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಾಯಲಿ ಬಿಡಿ. ಎಡಗಾಲಿನ ಕಿರುಬೆರಳ ಹತ್ತಿರ ಪೆನ್ಸಿಲ್ ಬಂದಾಗ ಅಕ್ಕ ತಮ್ಮನ ತಲೆ ಮೇಲೆ ಕೈಯಿಟ್ಟು, ಹುಟ್ಟಿದಾಗಿನಿಂದ ಅವನ ಹತ್ತಿರ ಒಮ್ಮೆಯೂ ಹೇಳದ ಮಾತು ಹೇಳಿದಳು.

"ಮೆಲ್ಲಗೆ ಕಣೋ, ನೋಯುತ್ತೆ."