ಗಾಡಿಗೆ ಏನು ಕಾಯಿಲೆ?

ಆ ಹೆಡ್ ಕಾನ್‌ಸ್ಟೇಬಲ್‌ಗೆ ಸ್ಟೇಷನ್ನಿನಲ್ಲಿ ಎಲ್ಲರೂ ಇಟ್ಟ ಹೆಸರು ಗಾಡಿ ಅಕ್ಕ. ಮೆಕ್ಯಾನಿಕ್ಕಿನ ಮಗಳು, ಆಡುವ ವಯಸ್ಸಿನಲ್ಲೇ ಸ್ಪ್ಯಾನರ್ ಹಿಡಿದವರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಳುವಾದ ಗಾಡಿ ಹುಡುಕುವುದು ಬಿಟ್ಟು ಬೇರೆ ಕೆಲಸಕ್ಕೆ ಮನಸ್ಸು ಕೊಟ್ಟಿದ್ದೇ ಕಡಿಮೆ. ಒಮ್ಮೆ ದೊಡ್ಡ ಕಚೇರಿಗೆ ಕರೆದಾಗಲೂ "ಅಲ್ಲಿ ಗಾಡಿ ಇರುತ್ತಾ ಸಾರ್?" ಎಂದು ಕೇಳಿ, ಇಲ್ಲವೆಂದ ಮೇಲೆ ಹೋಗಲೇ ಇಲ್ಲ.

ದೂರು ಕೊಡಲು ಬಂದವರಿಗೆ ಅಕ್ಕನಿಂದ ಮೊದಲು ಸಿಗುತ್ತಿದ್ದದ್ದು ಬೈಗುಳ. "ಹ್ಯಾಂಡಲ್ ಲಾಕ್ ಒಂದೇನಾ? ಅದನ್ನ ಒಂದೇ ಒದೆಗೆ ಮುರೀತಾರೆ ಕಣ್ರೀ! ಚಕ್ರಕ್ಕೂ ಒಂದು ಬೀಗ ಹಾಕಿ. ಒಂದು ಬೀಗ ಕಳ್ಳನ ಕೈಚಳಕಕ್ಕೆ, ಇನ್ನೊಂದು ಅವನ ತಾಳ್ಮೆಗೆ." ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿವಾದವೇ ಇದು, ನಿಜ. ಆದರೆ ಅಕ್ಕನ ಕೈಲಿ ಒಮ್ಮೆ ಬೈಸಿಕೊಂಡವರ ಗಾಡಿ ಎರಡನೇ ಸಲ ಕಳುವಾದದ್ದನ್ನು ಯಾರೂ ಕೇಳಿಲ್ಲ.

ಬೈದು ಮುಗಿದ ಮೇಲೆ ಪೆನ್ನು. ನಂಬರ್, ಬಣ್ಣ, ಚಾಸಿಯ ಮೇಲೆ ಕೊರೆದ ನಂಬರ್ ಎಲ್ಲ ಬರೆದುಕೊಂಡು, ಕೊನೆಗೆ ಅವರದೇ ಒಂದು ಪ್ರಶ್ನೆ: "ಗಾಡಿಗೆ ಏನು ಕಾಯಿಲೆ?"

ಕಳ್ಳ ಬಣ್ಣ ಬದಲಿಸುತ್ತಾನೆ, ನಂಬರ್ ಪ್ಲೇಟ್ ಬದಲಿಸುತ್ತಾನೆ, ಚಾಸಿಯ ನಂಬರನ್ನೂ ಉಜ್ಜಿ ಹೊಸದನ್ನು ಕುಟ್ಟುತ್ತಾನೆ. ಆದರೆ ಸಡಿಲವಾದ ಬ್ರೇಕು, ಗೊರಗುಟ್ಟುವ ಹಾರನ್ನು ರಿಪೇರಿ ಮಾಡಿಸಲು ಅವನಿಗೇನು ಹುಚ್ಚೇ? ಗಾಡಿಯ ಗುರುತು ಅದರ ಕಾಯಿಲೆಯಲ್ಲಿರುತ್ತದೆ ಎನ್ನುವುದು ಅಕ್ಕನ ನಂಬಿಕೆ. ಹಾಗೆ ನಂಬಿಯೇ ಅವರು ನೂರಾರು ಗಾಡಿಗಳನ್ನು ಮನೆ ಸೇರಿಸಿದ್ದರು.

ಒಂದು ದಿನ ತರಬೇತಿ ಕೇಂದ್ರದ ಹೊಲಿಗೆ ಟೀಚರ್ ತಾಯಿಯ ಜೊತೆ ಬಂದಳು. ಚಿಕ್ಕಂದಿನಿಂದ ಅವಳ ಬಲಗಾಲಿಗೆ ಶಕ್ತಿಯಿಲ್ಲ. ಹಿಂದಿನ ಚಕ್ರಕ್ಕೆ ಎರಡೂ ಬದಿ ಪುಟ್ಟ ಚಕ್ರ ಜೋಡಿಸಿದ ಸ್ಕೂಟರ್ ಅವಳದು. ಪಾಠ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅದು ಮಾಯವಾಗಿತ್ತು.

"ಗಾಡಿಗೆ ಏನು ಕಾಯಿಲೆ?"

ಟೀಚರ್ ತಾಯಿಯ ಕಡೆ ಒಮ್ಮೆ ನೋಡಿದಳು. "ಏನೂ ಇಲ್ಲ ಮೇಡಂ. ಒಂದು ಗೀರೂ ಇಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಅಕ್ಕ ಆ ಸಾಲನ್ನು ಖಾಲಿ ಬಿಟ್ಟರು. ತಾಯಿ ಪಕ್ಕದಲ್ಲೇ ಗೊಣಗಿದರು: "ಹೋಗಿದ್ದೇ ಒಳ್ಳೇದಾಯ್ತು ಬಿಡಿ. ಒಂದು ಸಲ ಬಿದ್ದರೂ ಗಾಡಿ ಮಾರಿ ಕೆಲಸ ಬಿಡಿಸ್ತೀನಿ ಅಂದಿದ್ದೆ. ಅದರ ಮೊದಲೇ ಕಳ್ಳ ಬಂದ."

ಅಕ್ಕ ಗುಜರಿ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದರು. ಪಕ್ಕದ ಪುಟ್ಟ ಚಕ್ರಗಳು ಕಳ್ಳನಿಗೆ ಹೊರೆ, ಮೊದಲು ಅವನ್ನೇ ತೂಕಕ್ಕೆ ಹಾಕುತ್ತಾನೆ ಎಂಬುದು ಅವರ ಲೆಕ್ಕ. ಹದಿನಾಲ್ಕನೇ ಅಂಗಡಿಯಲ್ಲಿ ಅವು ಸಿಕ್ಕವು. ಮಾರಿದವನ ಜಾಡು ಹಿಡಿದು ಹೊರಟರೆ ಒಂದು ಶೆಡ್ಡು, ಅದರೊಳಗೆ ಹನ್ನೊಂದು ಸ್ಕೂಟರ್. ಟೀಚರದ್ದೇ ಮಾದರಿಯದು ಒಂದೇ ಒಂದಿತ್ತು, ಆದರೆ ಬಣ್ಣ ಬೇರೆ, ನಂಬರ್ ಬೇರೆ. ಬೋಲ್ಟ್ ಬಿಚ್ಚಿದ್ದರಿಂದ ಪಕ್ಕದ ಚಕ್ರಗಳ ಕುರುಹೂ ಇರಲಿಲ್ಲ.

ಮಾರನೆಯ ದಿನವೇ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಕಾಗದಪತ್ರ ಹಿಡಿದು ಬಂದ. "ಅದು ನನ್ನ ಗಾಡಿ, ಸರ್ವೀಸಿಗೆ ಬಿಟ್ಟಿದ್ದೆ" ಎಂದ. ಚಾಸಿ ನಂಬರ್ ಅಕ್ಷರಶಃ ಹೊಂದಿತು. ಅಕ್ಕ ಉಗುರಿನಿಂದ ತಡವಿ ನೋಡಿದರು, ಕುಟ್ಟಿದವನು ಪಳಗಿದ ಕೈ, ತಪ್ಪೇ ಸಿಗಲಿಲ್ಲ.

"ಕಾಗದ ಸರಿಯಿದೆ ಅಕ್ಕ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಅನುಮಾನಕ್ಕೆ ಒಂದು ಕಾರಣ ಕೊಡಿ, ಲ್ಯಾಬಿಗೆ ಕಳಿಸ್ತೀನಿ. ಇಲ್ಲಾಂದ್ರೆ ಸಂಜೆಗೆ ಅವನಿಗೇ ಬಿಡಿ ಅಂತ ಕೋರ್ಟಿಗೆ ಬರೀಬೇಕಾಗುತ್ತೆ."

ಅಕ್ಕ ತಾಯಿ ಮಗಳಿಬ್ಬರನ್ನೂ ಕರೆಸಿದರು. ಅವತ್ತು ಮಗಳು ತಾಯಿಯ ಮುಖ ನೋಡಿದ್ದು ಅವರಿಗೆ ಈಗ ನೆನಪಾಗಿತ್ತು. ಆ ಸಾಲನ್ನು ಖಾಲಿ ಬಿಟ್ಟದ್ದಕ್ಕೆ ತಮ್ಮನ್ನೇ ಬೈದುಕೊಂಡಿದ್ದರು ಕೂಡ.

"ನೋಡಮ್ಮ, ಕಾಯಿಲೆ ಇಲ್ಲದ ಗಾಡಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಇವತ್ತು ಹೇಳಿದ್ರೆ ಗಾಡಿ ನಿಂದು. ಹೇಳದೇ ಇದ್ರೆ ಅವನದು."

ಟೀಚರ್ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಳು. ಹೇಳಿದರೆ ಗಾಡಿ ಸಿಕ್ಕೀತು, ಓಡಿಸುವುದು ಮಾತ್ರ ಅಲ್ಲಿಗೇ ನಿಂತೀತು.

"ಬಿದ್ದಿದ್ದೆ," ಎಂದಳು ಕೊನೆಗೆ. "ಹೋದ ವರ್ಷ, ತಿರುವಿನಲ್ಲಿ. ಕಾಲಿಡೋ ಜಾಗದ ಪ್ಲಾಸ್ಟಿಕ್ಕು ಸೀಳಿತ್ತು. ಅಂಗಡಿಗೆ ಕೊಟ್ರೆ ಅಮ್ಮನಿಗೆ ಗೊತ್ತಾಗುತ್ತೆ ಅಂತ ನಾನೇ ತೂತು ಕೊರೆದು ತಾಮ್ರದ ತಂತೀಲಿ ಹೊಲಿದು, ಮೇಲೆ ಮ್ಯಾಟ್ ಅಂಟಿಸಿದೆ."

ಅಕ್ಕ ಹೊರಗೆ ಕೂರಿಸಿದ್ದ ಅಂಗಿಯವನನ್ನು ಒಳಗೆ ಕರೆದರು.

"ನಿಮ್ಮ ಗಾಡಿ ಮ್ಯಾಟ್ ಕೆಳಗೆ ಏನಿದೆ ಸಾರ್?" ಎಂದು ಕೇಳಿದರು.

"ಏನಿರುತ್ತೆ? ಏನೂ ಇಲ್ಲ."

ಅಂಗಳದಲ್ಲಿ ಎಲ್ಲರೆದುರು ಅಕ್ಕ ಮ್ಯಾಟ್ ಕಿತ್ತರು. ಅದರಡಿ ಇನ್ನೊಂದು ಮ್ಯಾಟ್. ಸೋಮಾರಿ ಕಳ್ಳರು ಹಳೆಯದರ ಮೇಲೇ ಹೊಸದನ್ನು ಬಡಿದಿದ್ದರು! ಅದನ್ನೂ ಕಿತ್ತಾಗ ಒಂಬತ್ತು ತಾಮ್ರದ ಹೊಲಿಗೆ, ಎಲ್ಲವೂ ಒಂದೇ ಅಳತೆ, ಎಲ್ಲವೂ ಎಡಕ್ಕೆ ವಾಲಿದವು. ಅಕ್ಕ ಟೀಚರ್ ಕೈಗೆ ಸೂಜಿ, ಹರಕು ಬಟ್ಟೆ ಕೊಟ್ಟರು. ಅವಳು ಎಡಗೈಯಲ್ಲಿ ನಾಲ್ಕು ಹೊಲಿಗೆ ಹಾಕಿದಳು, ಅವೂ ಹಾಗೆಯೇ ವಾಲಿದವು. ಅಷ್ಟರಲ್ಲಿ ಅಂಗಿಯವನು, ಯಾರೂ ಕೇಳದಿದ್ದರೂ, "ನಾನು ಕದ್ದಿಲ್ಲ, ಕಾಗದ ಮಾತ್ರ ನಂದು" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ! ಇನ್ಸ್‌ಪೆಕ್ಟರ್ ಅವನನ್ನು ಒಳಗೆ ಕೂರಿಸಿದರು. ಲ್ಯಾಬಿನವರು ಚಾಸಿಗೆ ರಾಸಾಯನಿಕ ಹಚ್ಚಿದಾಗ ಉಜ್ಜಿದ ಜಾಗದಲ್ಲಿ ಹಳೆಯ ನಂಬರ್ ಮೂಡಿತು. ಅದು ಟೀಚರದ್ದೇ.

ಕೋರ್ಟಿನ ಆದೇಶ ಬಂದ ಸಂಜೆ, ಪಕ್ಕದ ಚಕ್ರಗಳನ್ನು ಅಕ್ಕ ತಾವೇ ಕೂತು ಜೋಡಿಸಿದರು. ಕೀಲಿಗೆ ಕೈಚಾಚಿದ್ದು ತಾಯಿ. ಟೀಚರ್ ತಲೆ ತಗ್ಗಿಸಿದಳು. ಹುಡುಕಿಕೊಟ್ಟು ತಾನೇ ಇವಳ ಕೆಲಸ ತೆಗೆದೆನೇ ಎಂದು ಅಕ್ಕನಿಗೆ ನಿಜಕ್ಕೂ ಸಂಕಟವಾಯಿತು.

ತಾಯಿ ಬಗ್ಗಿ ಆ ಒಂಬತ್ತು ಹೊಲಿಗೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. "ಬಿದ್ದು, ಎದ್ದು, ಹೊಲ್ಕೊಂಡು, ಒಂದು ವರ್ಷ ಓಡಿಸಿದಾಳೆ," ಎಂದರು, ಯಾರಿಗೆ ಎಂದಿಲ್ಲದೆ. ಆಮೇಲೆ ಕೀಲಿಯನ್ನು ಮಗಳ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟು ಹತ್ತಿದರು. "ನಡಿಯೇ. ಬಿದ್ರೆ ಇಬ್ರೂ ಬೀಳೋಣ."

"ಅಮ್ಮಾ, ಹೆಲ್ಮೆಟ್ ಇಲ್ಲದೆ ಹತ್ತಿದ್ರೆ ನಿಮಗೂ ದಂಡ ಹಾಕ್ತೀನಿ!" ಎಂದು ಅಕ್ಕ ಗದರಿದರು. ತಮ್ಮದೇ ಹೆಲ್ಮೆಟ್ ತಂದು ಆ ತಾಯಿಯ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದರು. ತಮ್ಮ ಗಾಡಿಗೆ ಎರಡೂ ಬೀಗ ಹಾಕಿ ಸ್ಟೇಷನ್ನಿನಲ್ಲೇ ಬಿಟ್ಟು, ಅವತ್ತು ಮನೆಗೆ ನಡೆದೇ ಹೋದರು.