ಪ್ರಾರ್ಥನೆ ಮುಗಿಯುವಷ್ಟರಲ್ಲಿ ಚಿಲಕ ಬಿತ್ತು

ತೊಂಬತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ನಮ್ಮ ಚರ್ಚಿನ ಹಾಲ್‌ಗೆ ಶನಿವಾರಕ್ಕೊಮ್ಮೆ ನೆರೆ ಬರುತ್ತಿತ್ತು. ಬೆಂಚುಗಳೇ ಮನೆ, ಜಮಖಾನವೇ ಹೊಳೆ. ಅನಾಹುತವಾದ ಮೇಲೆ ಜನರಿಗೆ ಹೇಗೆ ನೆರವಾಗಬೇಕೆಂದು ನಮ್ಮ ಯುವಜನ ಸಂಘದವರಿಗೆ ಕಲಿಸಲು ಹೊರಗಿನಿಂದ ಒಬ್ಬ ಅಕ್ಕ ಬಂದಿದ್ದರು. ಅವರು ನಗುತ್ತಿರಲಿಲ್ಲ. ನಗದವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಸಿಕ್ಕವರನ್ನೆಲ್ಲ ಅಣಕಿಸುವ ನನ್ನ ಮೇಲೆ ಅವರಿಗೂ ಅನುಮಾನ. ಸರಿಹೋಯಿತು.

ಒಂದು ಶನಿವಾರ ನನಗೆ ಮನೆ ಬಿಟ್ಟು ಬಾರದ ಮುದುಕಿಯ ಪಾತ್ರ ಕೊಟ್ಟರು. ನಮ್ಮಜ್ಜಿಯ ದನಿ ತೆಗೆದು, "ನನ್ನ ಹೆಣಾನ ಎತ್ಕಂಡು ಹೋಗ್ರಿ" ಎಂದು ಬೆಂಚು ತಬ್ಬಿಕೊಂಡು ಕೂತೆ. ಇಡೀ ತಂಡಕ್ಕೆ ನನ್ನನ್ನು ಕದಲಿಸಲಾಗಲಿಲ್ಲ.

"ನಿಜವಾದ ಮನೆ ಮುಂದೆ ಈ ಆಟ ಆಡಿದರೆ ಅವತ್ತೇ ನಿನ್ನನ್ನ ತಂಡದಿಂದ ತೆಗೀತೀನಿ. ಬಾಯಿ ಮುಚ್ಕೊಂಡು ಬೊಂಬು ಹೊರಬೇಕು, ಅಷ್ಟೆ" ಎಂದರು ಅಕ್ಕ. ಉಳಿದವರಿಗೂ ಒಂದು ನಿಯಮ ಹೇಳಿದರು: "ಬೇರೆಯವರ ಮನೆ ಮುಂದೆ ಪ್ರಾರ್ಥನೆ ಬೇಡ. ಮನಸ್ಸಲ್ಲೇ ಮಾಡ್ಕೊಳ್ಳಿ."

ಆ ಮಳೆಗಾಲ ಹರಿಹರದ ಹೊಳೆದಂಡೆಯ ಒಂದು ಓಣಿಗೆ ತುಂಗಭದ್ರೆ ನುಗ್ಗಿತು. ನೀರು ಇಳಿದ ಮೇಲೆ ನಾವು ಬಸ್ ಹತ್ತಿದೆವು. ಓಣಿಯ ಕೊನೆಯ ಮನೆಯ ಮಣ್ಣಿನ ಗೋಡೆ ನೀರು ಕುಡಿದು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಸೊಸೆ, ಮೊಮ್ಮಕ್ಕಳು ಎದುರು ಮನೆ ಸೇರಿದ್ದರು. ಹಣೆ ತುಂಬ ವಿಭೂತಿ ಬಳಿದ ಅಜ್ಜಿ ಮಾತ್ರ ಪಾತ್ರೆ ಕಾಯುತ್ತ ಅದೇ ಗೋಡೆಯ ಮಗ್ಗುಲಲ್ಲಿ ಚಾಪೆ ಹಾಸಿಕೊಂಡಿದ್ದಳು. ಗೋಡೆ ಬೀಳುವ ಮೊದಲು ಆಕೆಯನ್ನು ಹೊರಗೆ ತರಬೇಕಿತ್ತು.

ಹೊಸ್ತಿಲ ಮುಂದೆ ಸಾಲಾಗಿ ನಿಂತೆವು. ಕೆಲಸಕ್ಕೆ ಕೈಹಾಕುವ ಮೊದಲು ಕಣ್ಣು ಮುಚ್ಚುವುದು ನಮಗೆ ಚಿಕ್ಕಂದಿನ ಚಾಳಿ. ಯಾರೋ ತಲೆ ಬಗ್ಗಿಸಿದರು, ಎಲ್ಲರೂ ಬಗ್ಗಿಸಿದೆವು, ಜೊತೆಗೆ ಬಂದಿದ್ದ ನಮ್ಮ ಚರ್ಚಿನ ಅಯ್ಯನೋರು, ಸಭಾಪಾಲಕರು, ಜೋರಾಗಿಯೇ ಪ್ರಾರ್ಥನೆ ಶುರು ಹಚ್ಚಿಯೇಬಿಟ್ಟರು. ಆಮೆನ್ ಅಂದು ಕಣ್ಣು ಬಿಟ್ಟರೆ, ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಬಿದ್ದಿತ್ತು.

"ಅಜ್ಜೀ, ಗೋಡಿ ಬೀಳ್ತೈತೆ, ಹೊರಗ ಬರ್ರಿ" ಎಂದರು ಸಭಾಪಾಲಕರು.

"ನಾ ಹೊರಗ ಬರೋದು, ನೀವು ಒಳಗ ಶಿಲುಬಿ ನೆಡೋದು! ಕಣ್ಣು ಮುಚ್ಕಂಡು ಏನು ಮಣಮಣ ಅಂದ್ರಿ?"

"ನಿಮಗ ಒಳ್ಳೇದಾಗ್ಲಿ ಅಂತ, ಅಜ್ಜೀ."

"ಒಳ್ಳೇದು ಬಯಸೋರು ಕಣ್ಣು ಬಿಟ್ಕಂಡು ಬಯಸ್ರಿ!"

ಸೊಸೆ ಬಂದು ಕರೆದಳು. "ನಿನ್ನೂ ಸೇರಿಸ್ಕಂಡ್ರೇನೆ?" ಎಂದು ಒಳಗಿನಿಂದ ಉತ್ತರ ಬಂತು. ಅಕ್ಕ ಕಲಿಸಿದ್ದೆಲ್ಲ ಮುಗಿಯಿತು. ಗೋಡೆಯಿಂದ ಒಂದು ಹೆಂಟೆ ಮಣ್ಣು ಉದುರಿತು.

ನನ್ನ ಬಾಯಿ ತಡೆಯಲಿಲ್ಲ. ಕಿಟಕಿಯ ಬಳಿ ಹೋಗಿ ಅಜ್ಜಿಯದೇ ದನಿ, ಅದೇ ಕೊಂಕು, ಅದೇ ಕೆಮ್ಮು ತೆಗೆದೆ: "ಯಾರೂ ಒಳಗ ಬರಬ್ಯಾಡ್ರಿ! ನನ್ನ ತೂತುಬಿದ್ದ ಚರಗಿ ಕದಿಯಾಕ ದಾವಣಗೆರಿಯಿಂದ ಬಂದಾರ!"

ಓಣಿ ಗೊಳ್ಳೆಂದಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ಚಿಲಕ ಸರಿಯಿತು. ಕಸಬರಿಗೆ ಹಿಡಿದು ಅಜ್ಜಿ ಹೊರಗೆ ಬಂದಳು. "ಎಲ್ಲಿ ಅವನು, ಮಂಗ್ಯಾನಂಥೋನು? ನನ್ನ ಚರಗಿ ತೂತುಬಿದ್ದೈತೆ ಅಂತ ಯಾರು ಹೇಳಿದ್ರೋ ನಿನಗ?"

ಬೆನ್ನಿಗೆ ಏಟು ಬಿತ್ತು. ನಾನು ಬೇಕೆಂದೇ ನಿಧಾನವಾಗಿ ಓಡಿದೆ, ಆಕೆ ಬೈಯುತ್ತ ಬೆನ್ನು ಹತ್ತಿದಳು. ಅಷ್ಟರಲ್ಲಿ ಅಕ್ಕನ ಕಣ್ಸನ್ನೆಗೆ ತಂಡದವರು ಗೋಡೆಗೆ ಬೊಂಬು ಆನಿಸಿ, ಪಾತ್ರೆಗಳನ್ನೆಲ್ಲ ಎದುರು ಮನೆಯ ಕಟ್ಟೆಗೆ ಸಾಗಿಸಿದರು. ಅಜ್ಜಿ ಕಟ್ಟೆಯ ಮೇಲೆ ಕೂತು ಒಂದೊಂದು ಪಾತ್ರೆಯನ್ನೂ ತಿರುಗಿಸಿ ನೋಡಿದಳು. ಆಮೇಲೆ ನಮ್ಮ ಚೀಲಗಳನ್ನು ಬಿಚ್ಚಿಸಿದಳು. ನನ್ನದನ್ನು ಎರಡು ಸಲ.

"ನಿಯಮ ಮುರಿದೆ" ಎಂದರು ಅಕ್ಕ, ವಾಪಸು ಬರುವ ಬಸ್ಸಿನಲ್ಲಿ.

"ನಾನೊಬ್ನೇನಾ ಅಕ್ಕಾ? ಅಯ್ಯನೋರೂ ಮುರಿದ್ರು."

ಸಭಾಪಾಲಕರು ಕಿಟಕಿಯಾಚೆ ನೋಡತೊಡಗಿದರು. ಅಕ್ಕನ ತುಟಿ ಕದಲಿದಂತಾಯಿತು. ನಗುವೋ ಪ್ರಾರ್ಥನೆಯೋ, ನನಗೆ ಈಗಲೂ ಅನುಮಾನ. ತಂಡದಿಂದಂತೂ ತೆಗೆಯಲಿಲ್ಲ.

ಮುಂದಿನ ವಾರ ಹೋದಾಗ ಗೋಡೆ ಬೊಂಬುಗಳನ್ನೂ ಕೆಡವಿಕೊಂಡು ಬಿದ್ದಿತ್ತು, ಚಾಪೆ ಹಾಸುತ್ತಿದ್ದ ಜಾಗದ ಮೇಲೆಯೇ. ಅಜ್ಜಿ ಕಟ್ಟೆಯಿಂದ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಬೊಂಬು ಆನಿಸ್ತೀವಿ ಅಂತ ಇವರೇ ನೂಕಿ ಹೋಗ್ಯಾರ. ಇಲ್ಲಾಂದ್ರ ನಮ್ಮ ಮಾವ ಕಟ್ಟಿದ ಗೋಡಿ ಬೀಳ್ತಿತ್ತಾ?"

ಆಮೇಲೆ ನನ್ನನ್ನು ಕಂಡಳು. "ಹಿತ್ತಲ ಗೋಡಿನೂ ಹೊಟ್ಟಿ ಬಿಟ್ಟೈತೆ. ಅದಕ್ಕೂ ಬೊಂಬು ಆನಿಸಾಕ ಹೇಳು ಅವರಿಗೆ. ನೀ ಮಾತ್ರ ಇಲ್ಲೇ ನನ್ನ ಕಣ್ಮುಂದ ಕೂಡು. ಕಣ್ಣು ಮುಚ್ಚಬ್ಯಾಡ ಮತ್ತ."